ಲೈಸೆನ್ಸ್ ಪರೀಕ್ಷೆಗೆ ಮೊಡಾಲಿಟೀಸ್ ಓದುವುದು ಹೇಗೆ: ರೋಗಿಯಿಂದ ಶುರು ಮಾಡಿ, ಮಷಿನ್ ಆಮೇಲೆ

ಈ ಮಳೆಗಾಲದಲ್ಲಿ ನಾಲ್ಕು ಜನ ನನ್ನ ಹತ್ತಿರ ಬಂದು ಒಂದೇ ಮಾತು ಹೇಳಿದರು. ಮೂವರು ಡೊಂಬಿವಲಿ, ಕಲ್ಯಾಣದ ಕಡೆಯ ನಮ್ಮ ಕನ್ನಡದ ಮಕ್ಕಳು, ಒಬ್ಬಳು ಪುಣೆಯ ಕೋಥ್ರೂಡ್‌ನವಳು. ಎಲ್ಲರೂ ಫಿಸಿಯೋಥೆರಪಿ ಡಿಗ್ರಿ ಮುಗಿಸಿ ಎನ್‌ಪಿಟಿಇಗೆ, ಅಂದರೆ ಅಮೆರಿಕದ ಲೈಸೆನ್ಸ್ ಪರೀಕ್ಷೆಗೆ ಓದುತ್ತಿರುವವರು. "ಮೂಳೆ, ಕೀಲು ಪರವಾಗಿಲ್ಲ, ನ್ಯೂರೋ ಪರವಾಗಿಲ್ಲ, ಮೊಡಾಲಿಟೀಸ್ ಬಂದರೆ ಮಾತ್ರ ಅರ್ಧಕ್ಕರ್ಧ ತಪ್ಪು." ಮೊಡಾಲಿಟೀಸ್ ಅಂದರೆ ಬಿಸಿ, ತಂಪು, ಅಲ್ಟ್ರಾಸೌಂಡ್, ಕರೆಂಟ್, ಎಳೆತದಂಥ ಚಿಕಿತ್ಸೆಗಳು. ನಾಲ್ವರ ನೋಟ್ಸ್ ತರಿಸಿ ನೋಡಿದೆ. ನಾಲ್ಕರಲ್ಲೂ ಒಂದೇ ಥರ: ಮೇಲೆ ಮಷಿನ್ ಹೆಸರು, ಕೆಳಗೆ ಅಂಕಿಗಳ ಟೇಬಲ್, ಕೊನೆಯಲ್ಲಿ ಎಲ್ಲೋ ಮೂಲೆಯಲ್ಲಿ ಯಾರಿಗೆ ಕೊಡಬಾರದು ಅನ್ನುವ ಪಟ್ಟಿ.

ತಪ್ಪು ಅಲ್ಲೇ ಇದೆ. ಪರೀಕ್ಷೆ ಮಷಿನ್ ಬಗ್ಗೆ ಕೇಳುವುದಿಲ್ಲ. ಒಬ್ಬ ರೋಗಿಯನ್ನು ನಿಮ್ಮ ಮುಂದೆ ಕೂರಿಸಿ, ಈಗ ಏನು ಮಾಡುತ್ತೀರಿ ಅಂತ ಕೇಳುತ್ತದೆ. ನೀವು ಓದಿದ ದಿಕ್ಕು ಒಂದು, ಪ್ರಶ್ನೆ ಬರುವ ದಿಕ್ಕು ಇನ್ನೊಂದು. ಅದಕ್ಕೇ ಕೆಳಗಿನ ಕ್ರಮ ತಪ್ಪಿಸಬೇಡಿ, ಮುಖ್ಯವಾಗಿ 2ನೇ ಹಂತ ಬಿಟ್ಟು 5ಕ್ಕೆ ಹಾರಬೇಡಿ.

ನೇರವಾಗಿ ಈ ವಿಷಯದ ಮೇಲೆ ಬರುವ ಪ್ರಶ್ನೆಗಳು ಕಡಿಮೆ, ನಿಜ. ಆದರೆ ಬೇರೆ ವಿಭಾಗದ ಪ್ರಶ್ನೆಗಳ ಆಯ್ಕೆಗಳಲ್ಲೂ ಹಾಟ್ ಪ್ಯಾಕ್, ಟೆನ್ಸ್ (ನೋವಿಗೆ ಚರ್ಮದ ಮೇಲಿಂದ ಕೊಡುವ ಕರೆಂಟ್), ಟ್ರಾಕ್ಷನ್ (ಸೊಂಟ, ಕುತ್ತಿಗೆ ಎಳೆಯುವುದು) ಬಂದು ಕೂತಿರುತ್ತವೆ. ಪಾಸಾಗಲು 200ರಿಂದ 800ರ ಸ್ಕೇಲ್‌ನಲ್ಲಿ 600 ಬೇಕು. 12 ತಿಂಗಳಲ್ಲಿ 3 ಸಲ, ಜೀವಮಾನದಲ್ಲಿ 6 ಸಲ ಮಾತ್ರ ಬರೆಯಬಹುದು. ಬರೆಯಲು ಅಲ್ಲಿಗೇ ಹೋಗಬೇಕು, ವಿಮಾನದ ಖರ್ಚು ಬೇರೆ. ನಾಲ್ಕೈದು ಪ್ರಶ್ನೆಗಳನ್ನು ಸುಮ್ನೆ ಬಿಟ್ಟುಕೊಡುವ ಸ್ಥಿತಿಯಲ್ಲಿ ನಮ್ಮಲ್ಲಿ ಯಾರೂ ಇಲ್ಲ.

## ಶುರು ಮಾಡುವ ಮುನ್ನ ಏನೇನು ಬೇಕು

ಪರೀಕ್ಷೆ ನಡೆಸುವ ಎಫ್‌ಎಸ್‌ಬಿಪಿಟಿ ತನ್ನ ವೆಬ್‌ಸೈಟ್‌ನಲ್ಲಿ ಕಂಟೆಂಟ್ ಔಟ್‌ಲೈನ್ ಇಟ್ಟಿದೆ. ಈಗ ಚಾಲ್ತಿಯಲ್ಲಿರುವುದನ್ನೇ ಇಳಿಸಿಕೊಂಡು ಮೊಡಾಲಿಟೀಸ್ ಭಾಗವನ್ನು ಪ್ರಿಂಟ್ ಮಾಡಿ ಗೋಡೆಗೆ ಅಂಟಿಸಿ. ಸೀನಿಯರ್ ಕೊಟ್ಟ ಐದು ವರ್ಷ ಹಳೆಯ ಪಿಡಿಎಫ್ ನಂಬಿ ಓದುವವರು ಜಾಸ್ತಿ. ಅದರಲ್ಲಿ ಇದ್ದದ್ದು ಈಗ ಇರಬೇಕೆಂದಿಲ್ಲ.

ಪಠ್ಯಪುಸ್ತಕ ಒಂದೇ ಸಾಕು. ಎರಡು ಪುಸ್ತಕ ಇಟ್ಟುಕೊಂಡರೆ ಒಂದರಲ್ಲಿ 8 ನಿಮಿಷ, ಇನ್ನೊಂದರಲ್ಲಿ 10 ನಿಮಿಷ ಅಂತ ಇರುತ್ತದೆ, ಯಾವುದು ಸರಿ ಅಂತ ಹುಡುಕುತ್ತಾ ಸಂಜೆ ಕಳೆದುಹೋಗುತ್ತದೆ. ಪರೀಕ್ಷೆಯ ಆಯ್ಕೆಗಳ ನಡುವಿನ ಅಂತರ ಅಷ್ಟು ಸಣ್ಣದಾಗಿರುವುದಿಲ್ಲ.

ಒಂದು ಲಾಂಗ್ ಬುಕ್, ಕೆಂಪು ಮತ್ತು ನೀಲಿ ಪೆನ್, ವಿವರಣೆ ಸಹಿತ ಇರುವ ಒಂದು ಪ್ರಶ್ನೆಸಂಗ್ರಹ. ಪೀಟ್ ಅನ್ನುವ ಅಧಿಕೃತ ಅಭ್ಯಾಸ ಪರೀಕ್ಷೆಯನ್ನು ಈಗಲೇ ಖರ್ಚು ಮಾಡಬೇಡಿ, ಕೊನೆಯ ತಿಂಗಳಿಗೆ ಇರಲಿ.

ಇನ್ನೊಂದು ಬೇಕು, ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ: ನಿಜವಾದ ಮಷಿನ್ ಜೊತೆ ಎರಡು ಗಂಟೆ. ಪರಿಚಯದ ಕ್ಲಿನಿಕ್‌ನಲ್ಲಿ ಮಧ್ಯಾಹ್ನ ರೋಗಿಗಳಿಲ್ಲದ ಹೊತ್ತಿನಲ್ಲಿ ಕೇಳಿ, ಬಹಳಷ್ಟು ಜನ ಇಲ್ಲ ಅನ್ನುವುದಿಲ್ಲ. ಟೆನ್ಸ್ ಅನ್ನು ನಿಮ್ಮ ಕೈಗೇ ಹಾಕಿಕೊಂಡು ನೋಡಿ. ಬರೀ ಜುಮ್ ಜುಮ್ ಅನ್ನುವುದಕ್ಕೂ ಸ್ನಾಯು ಟಕ್ ಟಕ್ ಎಂದು ಎಗರುವುದಕ್ಕೂ ಇರುವ ವ್ಯತ್ಯಾಸ ಒಮ್ಮೆ ಕೈಗೆ ಗೊತ್ತಾದರೆ ಟೇಬಲ್‌ನ ಅರ್ಧ ತಾನಾಗಿ ನೆನಪಿರುತ್ತದೆ.

## ಹಂತ 1: ಹೆಸರು ಮತ್ತು ಅಳತೆಯ ಗೊಂದಲ ಬಿಡಿಸಿಕೊಳ್ಳಿ (ಒಂದು ದಿನ)

ನಾವು ಕಾಲೇಜಿನಲ್ಲಿ ಫ್ಯಾರಡಿಕ್, ಗ್ಯಾಲ್ವಾನಿಕ್, ಐಎಫ್‌ಟಿ, ಎಸ್‌ಡಬ್ಲ್ಯುಡಿ ಅಂತ ಕಲಿತವರು. ಅಲ್ಲಿನ ಪ್ರಶ್ನೆಯಲ್ಲಿ ಫ್ಯಾರಡಿಕ್ ಅನ್ನುವ ಪದ ಹುಡುಕಬೇಡಿ. ನರ ಸರಿಯಿರುವ ಸ್ನಾಯುವನ್ನು ಕುಗ್ಗಿಸುವ ಕೆಲಸಕ್ಕೆ ಅವರು ಎನ್‌ಎಂಇಎಸ್ ಅನ್ನುತ್ತಾರೆ. ಅದನ್ನೇ ನಡೆಯುವಾಗ ಪಾದ ಎತ್ತಿಸುವಂಥ ಕೆಲಸಕ್ಕೆ ಜೋಡಿಸಿದರೆ ಎಫ್‌ಇಎಸ್. ಗ್ಯಾಲ್ವಾನಿಕ್ ಅಂದರೆ ಡೈರೆಕ್ಟ್ ಕರೆಂಟ್. ಐಎಫ್‌ಟಿ, ಅಂದರೆ ಒಂದನ್ನೊಂದು ದಾಟುವ ಎರಡು ಕರೆಂಟ್‌ನ ಚಿಕಿತ್ಸೆ, ಅಲ್ಲಿ ಐಎಫ್‌ಸಿ. ಎಸ್‌ಡಬ್ಲ್ಯುಡಿಗೆ ಬರೀ ಡೈಯಾಥರ್ಮಿ ಅಂದುಬಿಡುತ್ತಾರೆ, ರೇಡಿಯೋ ಅಲೆಯಿಂದ ಆಳಕ್ಕೆ ಬಿಸಿ ಕೊಡುವ ಚಿಕಿತ್ಸೆ ಅದು. ಒಂದೇ ಪುಟದಲ್ಲಿ ಎಡಕ್ಕೆ ನಮ್ಮ ಹೆಸರು, ಬಲಕ್ಕೆ ಅವರ ಹೆಸರು ಬರೆಯಿರಿ.

ಅಳತೆಯೂ ಹಾಗೇ. ನಮ್ಮ ತಲೆಯಲ್ಲಿ ಕೆಜಿ ಮತ್ತು ಸೆಲ್ಸಿಯಸ್, ಅಲ್ಲಿ ಪೌಂಡ್ ಮತ್ತು ಫ್ಯಾರನ್‌ಹೀಟ್. 1 ಕೆಜಿ ಅಂದರೆ ಸುಮಾರು 2.2 ಪೌಂಡ್. ಹಾಟ್ ಪ್ಯಾಕ್ ತೊಟ್ಟಿಯ ನೀರು 70ರಿಂದ 75 ಡಿಗ್ರಿ ಸೆಲ್ಸಿಯಸ್, ಅದು 158ರಿಂದ 167 ಫ್ಯಾರನ್‌ಹೀಟ್. ಪುಣೆಯ ಹುಡುಗಿ ಟ್ರಾಕ್ಷನ್ ಪ್ರಶ್ನೆಯಲ್ಲಿ 25 ಪೌಂಡನ್ನು 25 ಕೆಜಿ ಅಂತ ಓದಿಕೊಂಡು "ಇಷ್ಟು ಭಾರ ಹೇಗೆ ಸಾಧ್ಯ" ಎಂದು ಸರಿಯಾದ ಉತ್ತರವನ್ನೇ ಹೊಡೆದುಹಾಕಿದ್ದಳು. ವಿಷಯ ಅವಳಿಗೆ ಚೆನ್ನಾಗಿ ಗೊತ್ತಿತ್ತು, ಅಳತೆ ಕೈಕೊಟ್ಟಿತು.

## ಹಂತ 2: "ಬೇಡ" ಪಟ್ಟಿಯನ್ನು ರೋಗಿಯ ಹೆಸರಲ್ಲಿ ಬರೆಯಿರಿ (ನಾಲ್ಕು ದಿನ)

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಮಾಡುತ್ತೀರಿ ಅಂದರೆ ಇದನ್ನು ಮಾಡಿ.

ಪುಸ್ತಕಗಳಲ್ಲಿ ಪ್ರತಿ ಮಷಿನ್ ಕೆಳಗೆ ಹತ್ತು ಹದಿನೈದು ನಿಷೇಧಗಳು ಇರುತ್ತವೆ. ಹಾಗೇ ಬಾಯಿಪಾಠ ಮಾಡಿದರೆ ಎಲ್ಲ ಒಂದಕ್ಕೊಂದು ಕಲೆಸಿಹೋಗುತ್ತವೆ. ತಿರುಗಿಸಿ ಬರೆಯಿರಿ. ಲಾಂಗ್ ಬುಕ್‌ನ ಒಂದೊಂದು ಪುಟಕ್ಕೆ ಒಂದೊಂದು ತಲೆಬರಹ: ಪೇಸ್‌ಮೇಕರ್ ಇರುವವರು, ಗರ್ಭಿಣಿ, ಕ್ಯಾನ್ಸರ್, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು ಅಂದರೆ ಡಿವಿಟಿ, ಸ್ಪರ್ಶಜ್ಞಾನ ಇಲ್ಲದ ಚರ್ಮ, ಒಳಗೆ ಲೋಹ ಹಾಕಿಸಿಕೊಂಡವರು, ಬೆಳೆಯುವ ಮಕ್ಕಳು, ತಂಪು ತಾಳದವರು, ಹೃದಯ ಸೋತವರು. ಪ್ರತಿ ಪುಟದಲ್ಲಿ ಕೆಂಪಿನಲ್ಲಿ "ಯಾವುದು ಬೇಡವೇ ಬೇಡ", ನೀಲಿಯಲ್ಲಿ "ಯಾವುದನ್ನು ಎಚ್ಚರದಿಂದ ಕೊಡಬಹುದು".

ಪೇಸ್‌ಮೇಕರ್ ಪುಟ ನೋಡೋಣ. ಕೆಂಪಿನಲ್ಲಿ ಎಲೆಕ್ಟ್ರಿಕಲ್ ಸ್ಟಿಮ್ಯುಲೇಶನ್ ಮತ್ತು ಡೈಯಾಥರ್ಮಿ. ಅಲ್ಟ್ರಾಸೌಂಡ್? ಪೇಸ್‌ಮೇಕರ್ ಇರುವ ಜಾಗದ ಮೇಲೆ ಬೇಡ, ಹಿಮ್ಮಡಿಗೆ ಕೊಡಬಹುದು. ಮೊಣಕಾಲಿಗೆ ಹಾಟ್ ಪ್ಯಾಕ್‌ಗೂ ಅಡ್ಡಿಯಿಲ್ಲ. ಕೆಲವು ನಿಷೇಧಗಳು ಇಡೀ ದೇಹಕ್ಕೆ, ಕೆಲವು ಆ ಜಾಗಕ್ಕೆ ಮಾತ್ರ. ಪ್ರಶ್ನೆ ಮಾಡುವವರು ಕೈ ಹಾಕುವುದೇ ಈ ವ್ಯತ್ಯಾಸಕ್ಕೆ.

ಲೋಹದ ಪುಟ ಇನ್ನೂ ಮುಖ್ಯ, ಯಾಕೆಂದರೆ ಇಲ್ಲಿ ಹೆಚ್ಚುಕಡಿಮೆ ಎಲ್ಲರೂ ಎಡವುತ್ತಾರೆ. ಡೈಯಾಥರ್ಮಿಗೆ ಲೋಹ ಬೇಡವೇ ಬೇಡ. ಅಲ್ಟ್ರಾಸೌಂಡ್‌ಗೆ ಲೋಹ ನಿಷೇಧ ಅಲ್ಲ. ಲೋಹ ಆ ಅಲೆಯನ್ನು ಪ್ರತಿಫಲಿಸುತ್ತದೆ, ಬಿಸಿಯನ್ನು ಬೇಗ ಬಿಟ್ಟುಕೊಡುತ್ತದೆ. ಆದರೆ ಕೀಲು ಬದಲಿಸುವಾಗ ಬಳಸುವ ಸಿಮೆಂಟ್ ಮತ್ತು ಪ್ಲಾಸ್ಟಿಕ್ ಭಾಗಗಳು ಅಲೆಯನ್ನು ಹೀರಿಕೊಂಡು ಕಾಯುತ್ತವೆ, ಅವು ನಿಷೇಧ. ತೊಡೆಮೂಳೆಗೆ ರಾಡ್ ಹಾಕಿದವರಿಗೆ ಅಲ್ಟ್ರಾಸೌಂಡ್ ನಡೆಯುತ್ತದೆ, ಸಿಮೆಂಟ್ ಹಾಕಿ ಮಂಡಿ ಬದಲಿಸಿಕೊಂಡವರ ಮಂಡಿಗೆ ನಡೆಯುವುದಿಲ್ಲ. ಕಾರಣ ಗೊತ್ತಿದ್ದರೆ ಬಾಯಿಪಾಠ ಬೇಕೇ ಇಲ್ಲ, ಅಲ್ವಾ?

ಗರ್ಭಿಣಿಯ ಪುಟದಲ್ಲಿ ಚಿಕಿತ್ಸೆ ಕೊಡುವವರನ್ನೂ ಸೇರಿಸಿ. ಗರ್ಭಿಣಿ ಥೆರಪಿಸ್ಟ್ ಡೈಯಾಥರ್ಮಿ ಮಷಿನ್ ಬಳಿ ನಿಲ್ಲಬಾರದು. ತಂಪಿನ ಪುಟದಲ್ಲಿ ರೇನಾಡ್ (ತಂಪಿಗೆ ಬೆರಳಿನ ರಕ್ತನಾಳ ಬಿಗಿಯುವುದು), ಕೋಲ್ಡ್ ಅರ್ಟಿಕೇರಿಯಾ (ತಂಪಿಗೆ ಗಂಧೆ ಏಳುವುದು), ಕ್ರಯೋಗ್ಲೋಬ್ಯುಲಿನೀಮಿಯಾ (ತಂಪಿಗೆ ರಕ್ತದ ಪ್ರೋಟೀನ್ ಗಟ್ಟಿಯಾಗುವುದು), ಮತ್ತೆ ಚಿಗುರುತ್ತಿರುವ ನರ, ರಕ್ತಸಂಚಾರ ಕೆಟ್ಟ ಜಾಗ ಬರಲಿ.

ಸ್ಪರ್ಶಜ್ಞಾನದ ಪುಟ ನನಗೆ ಬರೀ ಪರೀಕ್ಷೆಯ ಪುಟ ಅಲ್ಲ. ಇಂಟರ್ನ್ ಆಗಿದ್ದಾಗ ಒಂದು ಕ್ಲಿನಿಕ್‌ನಲ್ಲಿ ಸಕ್ಕರೆ ಕಾಯಿಲೆಯ ಹಿರಿಯರೊಬ್ಬರ ಕಾಲಿಗೆ ಹಾಟ್ ಪ್ಯಾಕ್ ಇಟ್ಟೆ. ಬಿಸಿ ಹೇಗಿದೆ ಅಂದರೆ "ಹಿತವಾಗಿದೆಯಮ್ಮ" ಅಂದರು. ಅವರಿಗೆ ಅಲ್ಲಿ ಬಿಸಿ ಗೊತ್ತೇ ಆಗುತ್ತಿರಲಿಲ್ಲ. ನಾನು ಮೊದಲು ಪರೀಕ್ಷಿಸಿರಲಿಲ್ಲ, 5 ನಿಮಿಷಕ್ಕೆ ಎತ್ತಿ ಚರ್ಮ ನೋಡಿರಲಿಲ್ಲ. ಟವೆಲ್ ಪದರಗಳೂ ಕಡಿಮೆ ಇದ್ದವು. ತೆಗೆದಾಗ ರೂಪಾಯಿ ನಾಣ್ಯದಷ್ಟು ಬೊಬ್ಬೆ. ಆ ಗಾಯ ಒಣಗುವವರೆಗೆ ನನಗೆ ನೆಮ್ಮದಿಯಿಂದ ನಿದ್ದೆ ಬರಲಿಲ್ಲ. "ಮೊದಲು ಏನು ಮಾಡುತ್ತೀರಿ" ಅನ್ನುವ ಪ್ರಶ್ನೆಯಲ್ಲಿ ಶಾಖ ಕೊಡುವ ಮಾತಿದ್ದು, ಆಯ್ಕೆಗಳಲ್ಲಿ ಸ್ಪರ್ಶ ಪರೀಕ್ಷೆ ಇದ್ದರೆ, ಉತ್ತರ ಬಹುಪಾಲು ಅದೇ.

## ಹಂತ 3: ನಾಲ್ಕು ಪ್ರಶ್ನೆ, ಯಾವಾಗಲೂ ಇದೇ ಕ್ರಮ (ಎರಡು ದಿನ)

ಯಾವ ಪ್ರಶ್ನೆ ಬಂದರೂ ಹೀಗೆ ಕೇಳಿಕೊಳ್ಳಿ. ಒಂದು, ಇವರಿಗೆ ಕೊಡಬಹುದಾ? ಎರಡು, ಗಾಯ ಹೊಸದಾ, ಮಾಗುತ್ತಿದೆಯಾ, ಹಳೆಯದಾ? ಮೂರು, ಯಾವ ಅಂಗಾಂಶ, ಚರ್ಮದಿಂದ ಎಷ್ಟು ಆಳ? ನಾಲ್ಕು, ನನ್ನ ಗುರಿ ಏನು, ನೋವು ಇಳಿಸುವುದಾ, ಊತ ಇಳಿಸುವುದಾ, ಬಲ ಕೊಡುವುದಾ, ಬಿಗಿ ಸಡಿಲಿಸುವುದಾ? ಅಂಕಿಗಳು ಇದೆಲ್ಲ ಆದ ಮೇಲೆ.

ದಾದರ್ ಸ್ಟೇಷನ್ ಸೇತುವೆಯ ಮೆಟ್ಟಿಲಲ್ಲಿ ಮಳೆ ನೀರಿಗೆ ಜಾರಿ ಪಾದದ ಕೀಲು ಹೊರಳಿಸಿಕೊಂಡ ಒಬ್ಬರನ್ನು ಇಟ್ಟುಕೊಳ್ಳಿ. ಎರಡು ದಿನ ಆಗಿದೆ, ಊದಿದೆ, ಮುಟ್ಟಿದರೆ ಬಿಸಿ. ಹಾಟ್ ಪ್ಯಾಕ್, ಕಂಟಿನ್ಯೂಯಸ್ (ಬಿಡುವಿಲ್ಲದೆ ಹರಿದು ಬಿಸಿ ಮಾಡುವ) ಅಲ್ಟ್ರಾಸೌಂಡ್, ಪ್ಯಾರಾಫಿನ್ (ಬಿಸಿ ಮೇಣ) ಮೂರೂ ಎರಡನೇ ಪ್ರಶ್ನೆಯಲ್ಲೇ ಬಿದ್ದುಹೋಗುತ್ತವೆ. ಉಳಿಯುವುದು ತಂಪು, ಒತ್ತು ಕಟ್ಟು, ಕಾಲು ಎತ್ತಿಡುವುದು. ಅದೇ ವ್ಯಕ್ತಿ ಆರು ವಾರ ಬಿಟ್ಟು ಬಂದರು, ಊತ ಇಲ್ಲ, ಲಿಗಮೆಂಟ್ ಹತ್ತಿರ ಬಿಗಿ. ಈಗ ಆಳದ ಪ್ರಶ್ನೆ. ಹೊರಬದಿಯ ಲಿಗಮೆಂಟ್ ಚರ್ಮದ ಕೆಳಗೇ ಇದೆ, ಹಾಗಾಗಿ 3 ಮೆಗಾಹರ್ಟ್ಸ್ ಅಲ್ಟ್ರಾಸೌಂಡ್, ಕಾರಣ 5ನೇ ಹಂತದಲ್ಲಿದೆ. ಬಿಸಿ ಬೇಕು, ಹಾಗಾಗಿ ಕಂಟಿನ್ಯೂಯಸ್. ನೋಡಿ, ಟೇಬಲ್ ತೆರೆಯಲೇ ಇಲ್ಲ.

ಇಂಥ ಹತ್ತು ರೋಗಿಗಳನ್ನು ನೀವೇ ಸೃಷ್ಟಿಸಿ ಬರೆಯಿರಿ. ನಿಮ್ಮ ಬಿಲ್ಡಿಂಗ್‌ನಲ್ಲೇ ಸಿಗುತ್ತಾರೆ: ಮಂಡಿನೋವಿನ ಅಜ್ಜಿ, ಕಂಪ್ಯೂಟರ್ ಮುಂದೆ ಕೂತು ಕುತ್ತಿಗೆ ಹಿಡಿದವರು, ಲಕ್ವ ಹೊಡೆದ ಮಾವ.

## ಹಂತ 4: ಬಿಸಿ ಮತ್ತು ತಂಪು (ಎರಡು ದಿನ)

ಇದು ಸುಲಭ, ಬೇಗ ಮುಗಿಸಿ. ಹಾಟ್ ಪ್ಯಾಕ್‌ಗೆ 6ರಿಂದ 8 ಪದರ ಟವೆಲ್, 20 ನಿಮಿಷ, 5 ನಿಮಿಷಕ್ಕೆ ಒಮ್ಮೆ ಎತ್ತಿ ನೋಡುವುದು. ರೋಗಿ ಪ್ಯಾಕ್ ಮೇಲೆ ಮಲಗಿದರೆ ಪದರ ಜಾಸ್ತಿ ಬೇಕು. ಪ್ಯಾರಾಫಿನ್ 52ರಿಂದ 57 ಡಿಗ್ರಿ ಸೆಲ್ಸಿಯಸ್. ನೀರು ಅಷ್ಟು ಬಿಸಿ ಇದ್ದರೆ ಕೈ ಸುಡುತ್ತದೆ, ಮೇಣ ಸುಡುವುದಿಲ್ಲ, ಅದು ಶಾಖವನ್ನು ನಿಧಾನವಾಗಿ ಬಿಡುತ್ತದೆ. ಬೆರಳು ಅಗಲಿಸಿ ಅದ್ದಬೇಕು, ಅದ್ದಿದ ಮೇಲೆ ಅಲ್ಲಾಡಿಸಬಾರದು, ತೆರೆದ ಗಾಯ ಇದ್ದರೆ ಕೊಡಬಾರದು.

ತಂಪಿಗೆ ಸಂವೇದನೆಯ ಕ್ರಮ ನೆನಪಿಡಿ: ಮೊದಲು ತಣ್ಣಗೆ, ಆಮೇಲೆ ಉರಿ, ಆಮೇಲೆ ನೋವು, ಕೊನೆಗೆ ಮರಗಟ್ಟುವುದು. ರೋಗಿ "ಉರಿಯುತ್ತಿದೆ" ಅಂದ ಕೂಡಲೇ ತೆಗೆಯುವುದು ತಪ್ಪು, ಅದು ಸಹಜ ಅಂತ ಮೊದಲೇ ಹೇಳಿರಬೇಕು. ಆದರೆ ಬೊಕ್ಕೆಯಂಥ ಗಂಧೆ ಎದ್ದರೆ ತಕ್ಷಣ ನಿಲ್ಲಿಸಿ. ಐಸ್ ಮಸಾಜ್ 5ರಿಂದ 10 ನಿಮಿಷ, ಕೋಲ್ಡ್ ಪ್ಯಾಕ್ 10ರಿಂದ 20.

## ಹಂತ 5: ಅಲ್ಟ್ರಾಸೌಂಡ್ (ಎರಡು ದಿನ)

ಎರಡು ಗುಂಡಿ, ಎರಡು ತೀರ್ಮಾನ. ಫ್ರೀಕ್ವೆನ್ಸಿ ಆಳವನ್ನು ಹೇಳುತ್ತದೆ: 1 ಮೆಗಾಹರ್ಟ್ಸ್ ಸುಮಾರು 5 ಸೆಂಟಿಮೀಟರ್‌ವರೆಗೆ, 3 ಮೆಗಾಹರ್ಟ್ಸ್ 1ರಿಂದ 2 ಸೆಂಟಿಮೀಟರ್. ಡ್ಯೂಟಿ ಸೈಕಲ್ ಬಿಸಿ ಬೇಕೋ ಬೇಡವೋ ಹೇಳುತ್ತದೆ: 100 ಶೇಕಡಾ ಅಂದರೆ ಬಿಸಿ, 20 ಶೇಕಡಾ ಪಲ್ಸ್ಡ್ ಅಂದರೆ ಬಿಸಿಯಿಲ್ಲದ ಪರಿಣಾಮ. ಸಂಖ್ಯೆ ದೊಡ್ಡದಾದರೆ ಆಳವೂ ಜಾಸ್ತಿ ಅಂತ ಮನಸ್ಸು ಹೇಳುತ್ತದೆ. ಅದು ಉಲ್ಟಾ. 3 ಮೆಗಾಹರ್ಟ್ಸ್ ಅಲೆಯನ್ನು ಮೇಲಿನ ಅಂಗಾಂಶವೇ ಬೇಗ ಹೀರಿಕೊಂಡುಬಿಡುತ್ತದೆ, ಕೆಳಗೆ ಹೋಗಲು ಏನೂ ಉಳಿಯುವುದಿಲ್ಲ.

ಹೆಡ್‌ನಲ್ಲಿ, ಅಂದರೆ ಚರ್ಮದ ಮೇಲೆ ಆಡಿಸುವ ತುದಿಯಲ್ಲಿ, ಅಲೆ ಹೊರಡುವ ಜಾಗದ ಎರಡರಷ್ಟು ಪ್ರದೇಶಕ್ಕೆ ಮಾತ್ರ ಒಂದು ಸಲದ ಚಿಕಿತ್ಸೆ. ಇಡೀ ಬೆನ್ನಿಗೆ ಅಲ್ಟ್ರಾಸೌಂಡ್ ಅನ್ನುವ ಆಯ್ಕೆ ಕಂಡರೆ ಬಿಡಿ. ರೋಗಿ ಆಳದಲ್ಲಿ ಚುಚ್ಚುವ ನೋವು ಅಂದರೆ ಮೂಳೆಯ ಹೊದಿಕೆ ಕಾಯುತ್ತಿದೆ ಎಂದರ್ಥ, ಇಂಟೆನ್ಸಿಟಿ ಇಳಿಸಿ, ಹೆಡ್ ನಿಲ್ಲಿಸದೆ ಆಡಿಸಿ. ಕಣ್ಣು, ಲ್ಯಾಮಿನೆಕ್ಟಮಿ (ಬೆನ್ನುಮೂಳೆಯ ಹಿಂಭಾಗ ತೆಗೆಯುವ ಆಪರೇಷನ್) ಆದ ಜಾಗ, ಗೆಡ್ಡೆ, ಗರ್ಭಿಣಿಯ ಹೊಟ್ಟೆ ಮತ್ತು ಸೊಂಟ ಇವುಗಳನ್ನು 2ನೇ ಹಂತದ ಪುಟಗಳಿಗೆ ಈಗ ಇನ್ನೊಮ್ಮೆ ಸೇರಿಸಿ.

ಡೈಯಾಥರ್ಮಿಗೆ 27.12 ಮೆಗಾಹರ್ಟ್ಸ್. ಕೆಪ್ಯಾಸಿಟಿವ್ ವಿಧಾನದಲ್ಲಿ ಕೊಬ್ಬು ಜಾಸ್ತಿ ಕಾಯುತ್ತದೆ, ಇಂಡಕ್ಟಿವ್ ವಿಧಾನದಲ್ಲಿ ನೀರಿನಂಶ ಜಾಸ್ತಿ ಇರುವ ಸ್ನಾಯು. ನಮ್ಮ ಮುಂಬಯಿಯ ಬೆವರಿಗೆ ಟವೆಲ್ ಯಾಕೆ ಬೇಕು ಅಂತ ಕ್ಲಿನಿಕ್‌ನಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಬೆವರ ಹನಿ ಕಾದು ಚರ್ಮ ಸುಡುತ್ತದೆ.

## ಹಂತ 6: ಕರೆಂಟ್ (ಐದು ದಿನ, ಅವಸರ ಬೇಡ)

ರೋಗಿಗಳು ಎಲ್ಲವನ್ನೂ "ಕರೆಂಟ್ ಕೊಡಿ" ಅನ್ನುತ್ತಾರೆ. ಓದುವವರೂ ಎಲ್ಲವನ್ನೂ ಒಂದೇ ಟೇಬಲ್‌ಗೆ ತುಂಬುತ್ತಾರೆ, ಅದಕ್ಕೇ ತಲೆ ಸುತ್ತುತ್ತದೆ. ಮೊದಲು ಗುರಿಯ ಪ್ರಕಾರ ಮೂರು ರಾಶಿ ಮಾಡಿ: ನೋವಿಗೆ, ಸ್ನಾಯುವಿಗೆ, ಔಷಧ ಒಳಗೆ ತಳ್ಳಲು.

ನೋವಿಗೆ. ಕನ್ವೆನ್ಷನಲ್ ಟೆನ್ಸ್‌ನಲ್ಲಿ ವೇಗ ಜಾಸ್ತಿ, ಪಲ್ಸ್ ಚಿಕ್ಕದು: 100ರಿಂದ 150 ಪಲ್ಸ್ ಪ್ರತಿ ಸೆಕೆಂಡ್, 50ರಿಂದ 80 ಮೈಕ್ರೋಸೆಕೆಂಡ್. ಬರೀ ಜುಮ್ ಅನ್ನಬೇಕು, ಸ್ನಾಯು ಎಗರಬಾರದು. ಬೆನ್ನುಹುರಿಯಲ್ಲಿ ನೋವಿನ ಗೇಟ್ ಮುಚ್ಚುವ ಕೆಲಸ, ಹಾಗಾಗಿ ಮಷಿನ್ ಇರುವಷ್ಟು ಹೊತ್ತು ಮುಖ್ಯ ಉಪಶಮನ. ಲೋ ರೇಟ್ ಟೆನ್ಸ್ ಇದರ ತದ್ವಿರುದ್ಧ: 2ರಿಂದ 10 ಪಲ್ಸ್, 200ರಿಂದ 300 ಮೈಕ್ರೋಸೆಕೆಂಡ್, ಸ್ನಾಯು ಕಣ್ಣಿಗೆ ಕಾಣುವಂತೆ ಎಗರಬೇಕು. ದೇಹದ ಸ್ವಂತ ನೋವುನಿವಾರಕಗಳು ಹೊರಬರುತ್ತವೆ, ತೆಗೆದ ಮೇಲೂ ಕೆಲವು ಗಂಟೆ ಇರುತ್ತದೆ. ಈಗ ತರ್ಕ ಮಾಡಿ: ಮೊನ್ನೆ ಆಪರೇಷನ್ ಆದ ಜಾಗದಲ್ಲಿ ಸ್ನಾಯು ಎಗರಿಸಬಹುದಾ? ಆಗದು. ಹಾಗಾಗಿ ಕನ್ವೆನ್ಷನಲ್. ರೋಗಿ ಸ್ವಲ್ಪ ಹೊತ್ತಾದ ಮೇಲೆ "ಏನೂ ಗೊತ್ತಾಗುತ್ತಿಲ್ಲ" ಅಂದರೆ ದೇಹ ಒಗ್ಗಿಕೊಂಡಿದೆ, ಮಾಡ್ಯುಲೇಶನ್, ಅಂದರೆ ಕರೆಂಟನ್ನು ಆಗಾಗ ಬದಲಿಸುವ ವಿಧಾನ, ಹಾಕಬೇಕು.

ಐಎಫ್‌ಸಿಯಲ್ಲಿ ಎರಡು ಕರೆಂಟ್ ಒಂದನ್ನೊಂದು ದಾಟುತ್ತವೆ. 4000 ಮತ್ತು 4100 ಹರ್ಟ್ಸ್ ಇದ್ದರೆ ಒಳಗೆ ಸಿಗುವ ಬೀಟ್ 100. ಇಷ್ಟೇ ಲೆಕ್ಕ.

ಸ್ನಾಯುವಿಗೆ. ಎನ್‌ಎಂಇಎಸ್‌ಗೆ ನರ ಸರಿಯಿರಬೇಕು. ಈ ಒಂದು ವಾಕ್ಯ ಗೊತ್ತಿಲ್ಲದೆ ಬಹಳ ಪ್ರಶ್ನೆ ಕಳೆದುಹೋಗುತ್ತವೆ. ಲಕ್ವದಲ್ಲಿ ಮೆದುಳು ಕೆಟ್ಟಿದೆ, ಕೈಕಾಲಿನ ನರ ಸರಿಯಿದೆ, ಎನ್‌ಎಂಇಎಸ್ ನಡೆಯುತ್ತದೆ. ನರವೇ ಕತ್ತರಿಸಿಹೋದ ಸ್ನಾಯುವಿಗೆ ಆ ಸಣ್ಣ ಪಲ್ಸ್ ಸಾಲದು, ಉದ್ದ ಪಲ್ಸ್ ಬೇಕು.

ಸಾಮಾನ್ಯವಾಗಿ 35ರಿಂದ 80 ಪಲ್ಸ್. ಸಣ್ಣ ಸ್ನಾಯುವಿಗೆ 150ರಿಂದ 200 ಮೈಕ್ರೋಸೆಕೆಂಡ್, ತೊಡೆಯಂಥ ದೊಡ್ಡದಕ್ಕೆ 200ರಿಂದ 350. ಬಲ ಕೊಡಲು ಶುರುವಿನಲ್ಲಿ ಆನ್ ಆಫ್ ಅನುಪಾತ 1:5. ಯಾಕೆ ಅಷ್ಟು ವಿಶ್ರಾಂತಿ? ನಾವೇ ಸ್ನಾಯು ಬಿಗಿದಾಗ ಸಣ್ಣ, ಬೇಗ ದಣಿಯದ ಘಟಕಗಳು ಮೊದಲು ಎದ್ದೇಳುತ್ತವೆ. ಕರೆಂಟ್ ಕೊಟ್ಟಾಗ ದೊಡ್ಡ, ಬೇಗ ದಣಿಯುವವು ಮೊದಲು. ಸೆಳೆತ ಬಿಡಿಸಲು ಮಾತ್ರ 1:1, ಅಲ್ಲಿ ದಣಿಸುವುದೇ ಗುರಿ.

ಎಲೆಕ್ಟ್ರೋಡ್ ಹತ್ತಿರ ಹತ್ತಿರ ಇಟ್ಟರೆ ಕರೆಂಟ್ ಮೇಲೆಮೇಲೇ ಹರಿಯುತ್ತದೆ, ದೂರ ಇಟ್ಟರೆ ಆಳಕ್ಕೆ. ಚಿಕ್ಕ ಎಲೆಕ್ಟ್ರೋಡ್ ಕೆಳಗೆ ಸಾಂದ್ರತೆ ಜಾಸ್ತಿ, ಹಾಗಾಗಿ ಚುರುಕು. ಕತ್ತಿನ ಪಕ್ಕದ ಕ್ಯಾರೋಟಿಡ್ ಸೈನಸ್ ಮೇಲೆ ಯಾವತ್ತೂ ಬೇಡ.

ಔಷಧ ತಳ್ಳಲು. ಐಯಾಂಟೋಫೊರೆಸಿಸ್‌ಗೆ ಡೈರೆಕ್ಟ್ ಕರೆಂಟ್ ಮಾತ್ರ. ಒಂದೇ ಜಾತಿಯ ಚಾರ್ಜ್ ದೂರ ತಳ್ಳುತ್ತದೆ, ಹಾಗಾಗಿ ನೆಗೆಟಿವ್ ಔಷಧವನ್ನು ನೆಗೆಟಿವ್ ಎಲೆಕ್ಟ್ರೋಡ್ ಕೆಳಗೆ ಇಡಬೇಕು. ಉರಿಯೂತಕ್ಕೆ ಡೆಕ್ಸಾಮೆಥಾಸೋನ್ ನೆಗೆಟಿವ್. ಕ್ಯಾಲ್ಸಿಯಂ ಕಟ್ಟಿದ್ದಕ್ಕೆ ಅಸಿಟೇಟ್ ನೆಗೆಟಿವ್. ಸ್ಯಾಲಿಸಿಲೇಟ್, ಅಯೋಡಿನ್ ಕೂಡ ನೆಗೆಟಿವ್. ಸತು, ತಾಮ್ರ, ಕ್ಯಾಲ್ಸಿಯಂ, ಮೆಗ್ನೀಷಿಯಂ ಲೋಹಗಳು, ಅವೆಲ್ಲ ಪಾಸಿಟಿವ್. ಇದರ ಜೊತೆ ಪಾಸಿಟಿವ್ ಅಂತ ನೆನಪಿಡಬೇಕಾದವು ಲಿಡೋಕೇನ್ ಮತ್ತು ಹಯಲ್ಯುರೋನಿಡೇಸ್ ಎರಡೇ.

ಡೋಸ್ ಲೆಕ್ಕ ಗುಣಾಕಾರ: 4 ಮಿಲಿಆಂಪ್ 10 ನಿಮಿಷ ಅಂದರೆ 40 ಮಿಲಿಆಂಪ್-ನಿಮಿಷ. ಚರ್ಮ ಸೂಕ್ಷ್ಮ ಇದ್ದರೆ 2 ಮಿಲಿಆಂಪ್ 20 ನಿಮಿಷ, ಅದೂ 40. ಸುಟ್ಟಗಾಯದ ಅಪಾಯ ಕ್ಯಾಥೋಡ್ (ನೆಗೆಟಿವ್ ಎಲೆಕ್ಟ್ರೋಡ್) ಕೆಳಗೆ ಜಾಸ್ತಿ, ಅಲ್ಲಿ ಕ್ಷಾರ ಕಟ್ಟುತ್ತದೆ.

## ಹಂತ 7: ಟ್ರಾಕ್ಷನ್ ಮತ್ತು ಕಂಪ್ರೆಶನ್ (ಎರಡು ದಿನ)

ಸೊಂಟಕ್ಕೆ ಕೀಲು ಬಿಡಿಸಲು ದೇಹದ ತೂಕದ ಅರ್ಧದಷ್ಟು ಎಳೆತ, ಸ್ನಾಯು ಮತ್ತು ಡಿಸ್ಕ್‌ಗೆ ಕಾಲುಭಾಗ. ಮೊದಲ ಸಲ 13ರಿಂದ 20 ಕೆಜಿಯಲ್ಲಿ ಶುರು. ಕುತ್ತಿಗೆಗೆ ಶುರುವಿನಲ್ಲಿ 3ರಿಂದ 4 ಕೆಜಿ. ಕುತ್ತಿಗೆಯ ಪ್ರಶ್ನೆಯಲ್ಲಿ ರೂಮಟಾಯ್ಡ್ ಸಂಧಿವಾತ ಅಥವಾ ಡೌನ್ ಸಿಂಡ್ರೋಮ್ ಕಂಡರೆ ಅಲ್ಲಿಗೇ ನಿಲ್ಲಿ, ಕುತ್ತಿಗೆಯ ಮೇಲ್ತುದಿಯ ಕೀಲು ಸಡಿಲ ಇರಬಹುದು.

ಟ್ರಾಕ್ಷನ್ ಕೊಡುವಾಗ ಕಾಲಿನ ನೋವು ಸೊಂಟದ ಕಡೆ ಮೇಲೆ ಬಂದರೆ ಒಳ್ಳೆಯದು, ಸೊಂಟದಲ್ಲಿ ನೋವು ಸ್ವಲ್ಪ ಜಾಸ್ತಿ ಅನಿಸಿದರೂ ಸರಿ. ಸೊಂಟದ್ದು ಪಾದದ ಕಡೆ ಇಳಿದರೆ ನಿಲ್ಲಿಸಿ.

ಊತ ಇಳಿಸಲು ಕೈಕಾಲು ಒತ್ತುವ ಕಂಪ್ರೆಶನ್ ಮಷಿನ್‌ನ ಒತ್ತಡ ರೋಗಿಯ ಡಯಾಸ್ಟೋಲಿಕ್ ಬಿಪಿ (ಬಿಪಿಯ ಕೆಳಗಿನ ಅಂಕಿ) ದಾಟಬಾರದು. ಡಿವಿಟಿ, ನಿಯಂತ್ರಣ ತಪ್ಪಿದ ಹೃದಯ ವೈಫಲ್ಯ, ಶ್ವಾಸಕೋಶದಲ್ಲಿ ನೀರು, ತೀವ್ರ ಅಪಧಮನಿ ರೋಗ, ಸೋಂಕು ಇದ್ದರೆ ಬೇಡ. ಎರಡು ಕಾಲೂ ಊದಿವೆ, ಮಲಗಿದರೆ ಉಸಿರು ಕಟ್ಟುತ್ತದೆ ಅಂತ ಪ್ರಶ್ನೆಯಲ್ಲಿದ್ದರೆ ಅದು ಕಂಪ್ರೆಶನ್ ಪ್ರಶ್ನೆ ಅಲ್ಲ, ವೈದ್ಯರಿಗೆ ಕಳಿಸುವ ಪ್ರಶ್ನೆ.

## ಹಂತ 8: ಪ್ರಶ್ನೆ ಬಿಡಿಸಿ, ತಪ್ಪನ್ನು ಬರೆದಿಡಿ (ಒಂದು ವಾರ)

ದಿನಕ್ಕೆ 15 ಪ್ರಶ್ನೆ ಸಾಕು. ಆಯ್ಕೆಗಳನ್ನು ಕೈಯಿಂದ ಮುಚ್ಚಿ, ನಾಲ್ಕು ಪ್ರಶ್ನೆ ಕೇಳಿಕೊಂಡು ನಿಮ್ಮ ಉತ್ತರ ಮನಸ್ಸಿನಲ್ಲಿ ಹೇಳಿ, ಆಮೇಲೆ ಆಯ್ಕೆ ನೋಡಿ. ಪ್ರಶ್ನೆಯ ಕೊನೆಯ ವಾಕ್ಯವನ್ನು ಎರಡು ಸಲ ಓದಿ. "ಅತ್ಯಂತ ಸೂಕ್ತ" ಬೇರೆ, "ಮೊದಲು" ಬೇರೆ, "ಯಾವುದು ಕೊಡಬಾರದು" ಬೇರೆ.

ತಪ್ಪಾದರೆ ಸರಿ ಉತ್ತರ ಬರೆದುಕೊಂಡು ಮುಂದೆ ಹೋಗಬೇಡಿ. ನಾಲ್ಕರಲ್ಲಿ ಎಷ್ಟನೇ ಪ್ರಶ್ನೆಯಲ್ಲಿ ಎಡವಿದಿರಿ ಅಂತ ಬರೆಯಿರಿ. ವಾರದ ಕೊನೆಗೆ ಎಣಿಸಿ. ಕಲ್ಯಾಣದ ಹುಡುಗನ ತಪ್ಪುಗಳನ್ನು ಹೀಗೆ ಎಣಿಸಿದಾಗ ಹೆಚ್ಚಿನವು ಮೊದಲ ಪ್ರಶ್ನೆಯವೇ, ಅಂಕಿಯದ್ದು ಎರಡೋ ಮೂರೋ. ಅವನು ತಿಂಗಳುಗಟ್ಟಲೆ ಅಂಕಿಗಳನ್ನೇ ತಿದ್ದುತ್ತಾ ಕೂತಿದ್ದ.

ಲೋಕಲ್ ರೈಲಿನ ಸಮಯ ಹೊಸದನ್ನು ಓದಲು ಅಲ್ಲ, ನೆನಪಿಸಿಕೊಳ್ಳಲು. ಡೊಂಬಿವಲಿ ಫಾಸ್ಟ್‌ನಲ್ಲಿ ನಿಂತು ಪುಸ್ತಕ ತೆರೆಯಲು ಜಾಗವಾದರೂ ಎಲ್ಲಿದೆ? ನಿಮ್ಮ "ಬೇಡ" ಪುಟಗಳನ್ನು ನಿಮ್ಮದೇ ದನಿಯಲ್ಲಿ ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. "ಪೇಸ್‌ಮೇಕರ್" ಅಂತ ಹೇಳಿ ಹತ್ತು ಸೆಕೆಂಡ್ ಸುಮ್ಮನಿರಿ, ಆಮೇಲೆ ಉತ್ತರ. ಠಾಣೆಯಿಂದ ಘಾಟ್ಕೋಪರ್ ಬರುವಷ್ಟರಲ್ಲಿ ಒಂದು ಸುತ್ತು ಮುಗಿಯುತ್ತದೆ.

ಇನ್ನೊಂದು, ಇದನ್ನು ನಾನು ತುಂಬ ನಂಬುತ್ತೇನೆ. ನಾವು ಓದುವುದು ಇಂಗ್ಲಿಷ್‌ನಲ್ಲಿ, ಕಾಲೇಜಲ್ಲಿ ಮಾತು ಮರಾಠಿ, ಹಿಂದಿ, ಮನೆಯಲ್ಲಿ ಕನ್ನಡ. ರಾತ್ರಿ ಊಟದ ಹೊತ್ತಿಗೆ ಅಮ್ಮನಿಗೆ ಕನ್ನಡದಲ್ಲಿ ಒಂದು ವಿಷಯ ಹೇಳಿ: ಮಂಡಿ ಬದಲಿಸಿಕೊಂಡ ದೊಡ್ಡಮ್ಮನಿಗೆ ಯಾಕೆ ಅಲ್ಟ್ರಾಸೌಂಡ್ ಬೇಡ ಅಂತ. ಇಂಗ್ಲಿಷ್ ಪದಗಳ ಹಿಂದೆ ಅಡಗಿಕೊಳ್ಳಲು ಅಲ್ಲಿ ಆಗುವುದಿಲ್ಲ. ಎಲ್ಲಿ ತಡವರಿಸುತ್ತೀರೋ ಅಲ್ಲಿ ನಿಮಗೆ ಅರ್ಥವಾಗಿಲ್ಲ.

## ದಾರಿ ತಪ್ಪಿದ್ದೀರಿ ಅನ್ನುವ ಲಕ್ಷಣಗಳು

ನೋಟ್ಸ್ ಅಂದವಾಗುತ್ತಿದೆ, ಮಾಕ್ ಅಂಕ ಅಲ್ಲೇ ನಿಂತಿದೆ. ಬಣ್ಣದ ಪೆನ್ನು ಇಟ್ಟು ಪ್ರಶ್ನೆ ಬಿಡಿಸಿ.

ಎರಡು ಆಯ್ಕೆ ಉಳಿದಾಗ ಪ್ರತಿ ಸಲ ತಪ್ಪಾದದ್ದೇ ಆರಿಸುತ್ತೀರಿ. ಬಹುಮಟ್ಟಿಗೆ ಎರಡನೇ ಪ್ರಶ್ನೆ, ಗಾಯದ ವಯಸ್ಸು, ಬಿಟ್ಟುಹೋಗಿದೆ. ಪ್ರಶ್ನೆಯಲ್ಲಿ "ಎರಡು ದಿನದ ಹಿಂದೆ" ಅನ್ನುವ ಮಾತಿಗೆ ಗೆರೆ ಎಳೆಯುವ ಅಭ್ಯಾಸ ಮಾಡಿಕೊಳ್ಳಿ.

ಕ್ಲಿನಿಕ್‌ನಲ್ಲಿ ನಾವು ಹೀಗೇ ಮಾಡುತ್ತೇವಲ್ಲ ಅಂತ ಉತ್ತರಿಸುತ್ತೀರಿ. ದಿನಕ್ಕೆ ನಲವತ್ತು ರೋಗಿ ನೋಡುವ ಜಾಗದಲ್ಲಿ ಬಂದವರಿಗೆಲ್ಲ ಐಎಫ್‌ಟಿ ಹಾಕಿ ಕೂರಿಸುವುದುಂಟು. ಪರೀಕ್ಷೆಯಲ್ಲಿ ಮೊಡಾಲಿಟಿ ವ್ಯಾಯಾಮಕ್ಕೆ ಜೊತೆಗಾರ ಮಾತ್ರ, ಅದೊಂದೇ ಚಿಕಿತ್ಸೆ ಅನ್ನುವ ಆಯ್ಕೆ ಸರಿಯಾಗುವುದು ಅಪರೂಪ.

ಗುಂಪಿನಲ್ಲಿ ಯಾರೋ ಕಳಿಸಿದ "ಈ ಸಲ ಬಂದ ಪ್ರಶ್ನೆಗಳು" ಅನ್ನುವ ಫೈಲ್ ತೆರೆಯಲೇ ಬೇಡಿ. ಪರೀಕ್ಷೆಯ ಪ್ರಶ್ನೆ ಹಂಚಿಕೊಳ್ಳುವುದು ನಿಯಮ ಮುರಿದಂತೆ, ಲೈಸೆನ್ಸ್ ಕನಸಿಗೇ ಕಲ್ಲು ಬೀಳುತ್ತದೆ.

ಇಷ್ಟಾದ ಮೇಲೆ ಪೀಟ್ ಬರೆಯಿರಿ, ಒಂದೇ ಕೂರಿಕೆಯಲ್ಲಿ, ಫೋನ್ ಇನ್ನೊಂದು ಕೋಣೆಯಲ್ಲಿ ಇಟ್ಟು. ಮೊಡಾಲಿಟೀಸ್ ತಪ್ಪುಗಳನ್ನು ಲಾಂಗ್ ಬುಕ್‌ನ ಆಯಾ ರೋಗಿಯ ಪುಟಕ್ಕೆ ಸೇರಿಸಿ. ಹೊರಡುವ ದಿನ ಬ್ಯಾಗ್‌ಗೆ ಆ ಒಂದು ಪುಸ್ತಕ ಸಾಕು, ದಪ್ಪ ಪಠ್ಯಪುಸ್ತಕ ಮನೆಯಲ್ಲೇ ಇರಲಿ.